ಗೋದುಬಾಯಿ ಒತ್ತಿದ ಎಂಟು

ಹಳಿಯಾಳದಿಂದ ಬಸ್ಸಿನಲ್ಲಿ ಅರ್ಧ ತಾಸು ಹೋದರೆ ಸಿಗುವ ಊರಿನಲ್ಲಿ ಗೋದುಬಾಯಿ ನೀರು ಪರೀಕ್ಷೆ ಮಾಡುತ್ತಾಳೆ. ಪಂಚಾಯಿತಿಯವರು ತರಬೇತಿ ಕೊಟ್ಟು ಒಂದು ನೀಲಿ ಪೆಟ್ಟಿಗೆ ಕೊಟ್ಟಿದ್ದಾರೆ. ಬೋರ್‌ವೆಲ್ ನೀರನ್ನು ಗಾಜಿನ ನಳಿಕೆಗೆ ತುಂಬಿ, ನಾಲ್ಕು ಹನಿ ಔಷಧ ಬಿಟ್ಟು, ತಿರುಗಿದ ಬಣ್ಣವನ್ನು ಪಟ್ಟಿಯ ಬಣ್ಣಗಳ ಪಕ್ಕ ಹಿಡಿದರೆ ಒಂದು ಅಂಕಿ ಸಿಗುತ್ತದೆ. ಅದನ್ನು ಫೋನಿನ ಆ್ಯಪ್‌ನಲ್ಲಿ ಹಾಕಿ ಕಳಿಸಬೇಕು. ಕೊಡ ಹಿಡಿದು ಬಂದ ಹೆಂಗಸರು ಅವಳು ತಲೆಯಾಡಿಸುವ ತನಕ ನೀರು ತುಂಬುತ್ತಿರಲಿಲ್ಲ. ಆ ಮರ್ಯಾದೆ ಅವಳಿಗೆ ಹಿಡಿಸಿತ್ತು.

ಕಳೆದ ವರ್ಷ ಹಳೆಯ ಫೋನು ಕೆಟ್ಟು ಹೊಸದು ತಂದಳು. ತಿಂಗಳು ಕಳೆಯುವುದರೊಳಗೆ ತಾಲೂಕಿನ ಮೇಲ್ವಿಚಾರಕ ಸಂಜೀವಕುಮಾರನ ಕರೆ ಬಂತು.

"ನೀವು ಕೆಲಸಾ ಬಿಟ್ಟೀರೇನು? ನಿಮ್ಮ ಊರಿಂದ ಒಂದೂ ಅಂಕಿ ಬಂದಿಲ್ಲ."

"ದಿನಾ ಕಳಸಾಕತ್ತೇನ್ರಿ ಸರ. 'ಕಳಿಸಲಾಗಿದೆ' ಅಂತ ಬರತೈತಿ."

"ನಮಗ ಬಂದಿಲ್ಲಂದ್ರ ಕಳಿಸಿಲ್ಲಂತನ ಅರ್ಥ."

ಮರುವಾರ ಪಂಚಾಯಿತಿ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಊರಿನ ಎಲ್ಲ ಬೋರ್‌ವೆಲ್‌ಗಳ ಮುಂದೆಯೂ 'ಪರೀಕ್ಷೆ ಆಗಿಲ್ಲ' ಎಂದಿತ್ತು. ಪ್ರತಿ ಸಲ ನಳಿಕೆ ತೊಳೆದು ಕೊಡುತ್ತಿದ್ದ ನೆರೆಮನೆಯ ಶಂಕ್ರೆವ್ವನೇ ಕೇಳಿದಳು: "ನೀ ನೋಡಿದ್ದು ಖರೇನ ಐತಿ, ನಾನೂ ಇದ್ದೆ. ಮತ್ತ ಅಲ್ಲಿ ಯಾಕ ಹಂಗ ಬರದಾರ?" ಅಂದಿನಿಂದ ಗೋದುಬಾಯಿ ಒಂದೇ ನೀರನ್ನು ಎರಡೆರಡು ಸಲ ಪರೀಕ್ಷಿಸತೊಡಗಿದಳು. ತಪ್ಪುತ್ತಿರುವುದು ಕಣ್ಣೋ, ಬೆರಳೋ, ಫೋನೋ ತಿಳಿಯದೆ ಕನ್ನಡಕದ ನಂಬರನ್ನೂ ಪರೀಕ್ಷೆ ಮಾಡಿಸಿ ಬಂದಳು.

ಕೊನೆಗೆ ದೂರು ಕೊಟ್ಟಾಗ ಆ್ಯಪ್ ಮಾಡಿದ ಕಂಪನಿಯ ಪೂರ್ಣಿಮಾ ಎಂಬ ಹುಡುಗಿ ಹುಬ್ಬಳ್ಳಿಯಿಂದಲೇ ಫೋನು ಪರೀಕ್ಷಿಸುತ್ತೇನೆಂದಳು. ಪಂಚಾಯಿತಿಯ ಕಂಪ್ಯೂಟರ್ ಆಪರೇಟರ್ ಮೌನೇಶ ಗೋದುಬಾಯಿಯನ್ನು ಎದುರು ಕೂರಿಸಿಕೊಂಡು, ಪೂರ್ಣಿಮಾಳ ಮಾತು ಇಬ್ಬರಿಗೂ ಕೇಳುವಂತೆ ತನ್ನ ಫೋನನ್ನು ಮೇಜಿನ ಮೇಲಿಟ್ಟ.

"ಬಾಯಾರ, ಸೆಟ್ಟಿಂಗ್ಸ್‌ನಾಗ ಬಿಲ್ಡ್ ನಂಬರ್ ಅಂತ ಐತಿ. ಅದನ್ನ ಏಳು ಸಲ ಒತ್ರಿ," ಎಂದಳು ಪೂರ್ಣಿಮಾ.

"ಏಳು ಸಲಾನ? ಯಾಕ್ರಿ?"

"ಅದು ಹಂಗ ಐತ್ರಿ."

ಒತ್ತಿದಳು. ಪರದೆಯ ಮೇಲೆ ಒಂದು ಸಾಲು ಮೂಡಿತು. ಮೌನೇಶನಿಗೆ ಆ ಭಾಷೆ ತಿಳಿಯಲಿಲ್ಲ. ಅವಳೇ ಓದಿ ಹೇಳಿದಳು: "ನೀವು ಈಗ ಡೆವಲಪರ್ ಆಗೀರಿ ಅಂತೈತಿ. ಅಂದ್ರ ನಾ ಏನಾದೆ?"

"ಏನೂ ಆಗಿಲ್ಲ ಬಿಡ್ರಿ, ಫೋನಿನ ಒಳಗ ನೋಡಾಕ ಬಾಗಿಲಾ ತೆರದಂಗ ಅಷ್ಟ," ಎಂದ ಮೌನೇಶ, ಫೋನನ್ನು ಕಂಪ್ಯೂಟರಿಗೆ ವಯರಿನಿಂದ ಜೋಡಿಸಿದ.

ಹುಬ್ಬಳ್ಳಿಯಲ್ಲಿ ಕುಳಿತ ಪೂರ್ಣಿಮಾ ಆ ಕಂಪ್ಯೂಟರನ್ನು ತನ್ನ ಕೈಗೆ ತೆಗೆದುಕೊಂಡಳು. ಯಾರೂ ಮುಟ್ಟದೆಯೇ ಪರದೆಯ ಮೇಲಿನ ಬಾಣದ ಗುರುತು ಓಡಾಡಿತು. ಗೋದುಬಾಯಿಯ ಫೋನಿನ ಚಿತ್ರ ದೊಡ್ಡದಾಗಿ ಮೂಡಿ, ಆ್ಯಪ್ ತಾನಾಗಿ ತೆರೆದುಕೊಂಡಿತು. ಮೇಜಿನ ಮೇಲಿದ್ದ ತನ್ನ ಫೋನನ್ನೂ ಕಂಪ್ಯೂಟರನ್ನೂ ನೋಡುತ್ತ, ಯಾವುದು ಯಾವುದನ್ನು ನಡೆಸುತ್ತಿದೆ ಎಂದು ತಿಳಿಯದೆ ಗೋದುಬಾಯಿ ಕುರ್ಚಿ ಹಿಂದಕ್ಕೆಳೆದಳು.

"ನೀವು ದಿನಾ ಹಾಕೂ ಹಂಗ ಒಂದು ಅಂಕಿ ಹಾಕ್ರಿ."

ಎಂಟು ಒತ್ತಿ ಕಳಿಸಿದಳು. ಕಂಪ್ಯೂಟರಿನಲ್ಲಿ ಸಾಲುಗಳು ಸರಸರನೆ ಇಳಿದವು, ನಡುನಡುವೆ ಕೆಂಪಗೆ. ಮತ್ತೊಮ್ಮೆ ಎಂದಳು ಪೂರ್ಣಿಮಾ. ಐದನೆಯ ಸಲ ಬಾಣ ಒಂದು ಕೆಂಪು ಸಾಲಿನ ಮೇಲೆ ನಿಂತಿತು.

"ನಿಮ್ಮ ಫೋನ್ ಯಾವ ಭಾಷೆದಾಗ ಐತ್ರಿ?"

"ಮರಾಠಿ. ಹಳೆ ಫೋನಿನ್ಯಾಗ ಅದು ಇದ್ದಿದ್ದಿಲ್ಲ, ಹೊಸಾದರಾಗ ಹಾಕ್ಕೊಂಡೆ. ನಮ್ಮ ತವರು ಖಾನಾಪುರ ಕಡೆ. ಸಾಲಿ ಕಲ್ತದ್ದು ಅದರಾಗ."

"ಅಲ್ಲೇ ಐತಿ. ನೀವು ಒತ್ತಿದ ಇಂಗ್ಲಿಷ್ ಎಂಟನ್ನ ನಮ್ಮ ಆ್ಯಪ್ ಮರಾಠಿ ಲಿಪಿ ಎಂಟು ಮಾಡಿ ಕಳಿಸೇತಿ. ನಮ್ಮ ಕಂಪ್ಯೂಟರಿಗೆ ಅದು ಅಂಕಿ ಅಂತನ ತಿಳಿದಿಲ್ಲ, ಒಗದ್ ಬಿಟ್ಟೈತಿ. ತಪ್ಪು ನಮ್ದ್ರಿ."

"ಎರಡೂ ಎಂಟ ಅಲ್ರಿ?"

"ಹೌದ್ರಿ."

"ಎಂಟನ್ನ ಬದಲಿಸು ಅಂತ ನಾ ಫೋನಿಗೆ ಹೇಳಿಲ್ಲಲ್ರಿ."

ಭಾಷೆ ಬದಲಿಸಿದರೆ ಈಗಲೇ ಸರಿಹೋಗುತ್ತದೆ ಎಂದ ಮೌನೇಶ. ಪೂರ್ಣಿಮಾ ಒಪ್ಪಲಿಲ್ಲ. "ಅವರ ಭಾಷೆ ಅವರಿಗಿರ್ಲಿ. ಆ್ಯಪ್ ನಾವು ರಿಪೇರಿ ಮಾಡ್ತೇವಿ."

ಹತ್ತು ದಿನಕ್ಕೆ ಹೊಸ ಆ್ಯಪ್ ಬಂತು. ಫೋನಿನಲ್ಲೇ ಉಳಿದಿದ್ದ ಹಳೆಯ ಅಂಕಿಗಳೆಲ್ಲ ಒಂದೇ ಮಧ್ಯಾಹ್ನ ಹೊರಟುಹೋದವು. ಮರುದಿನ ಸಂಜೀವಕುಮಾರನ ಕರೆ.

"ಒಂದ ದಿನದಾಗ ಅರವತ್ತು ಪರೀಕ್ಷೆ ಹೆಂಗ ಮಾಡಿದ್ರಿ?"

ತಾರೀಖುಗಳೂ ಮರಾಠಿ ಅಂಕಿಯಲ್ಲೇ ಇದ್ದುದರಿಂದ ಕಂಪನಿಯ ಕಂಪ್ಯೂಟರಿಗೆ ತಿಳಿಯದೆ ಎಲ್ಲಕ್ಕೂ ತಲುಪಿದ ದಿನವೇ ಬಿದ್ದಿತ್ತು. ಗೋದುಬಾಯಿ ಮತ್ತೆ ಹುಬ್ಬಳ್ಳಿಗೆ ಫೋನ್ ಹಚ್ಚಿದಳು. ಪೂರ್ಣಿಮಾ ಎರಡು ದಿನ ಕುಳಿತು ಅವನ್ನೂ ತಿದ್ದಿದಳು. ಗೋಡೆಯ ಪಟ್ಟಿ ಬದಲಾಯಿತು.

ಪಟ್ಟಿ ಬದಲಾದ ಮರುದಿನ ಬೋರ್‌ವೆಲ್ ಹತ್ತಿರ ಶಂಕ್ರೆವ್ವ ಕೇಳಿದಳು, "ಆಗಿದ್ದರ ಏನಂತ?"

"ಎಂಟನ್ನ ಎಂಟು ಮಾಡಿ ಕಳಸ್ತಿತ್ತಂತ."

"ಹಂಗಾದ್ರ ಸರೀನ ಆತಲ್ಲ?"

"ನನಗೂ ಅದ ತಿಳಿವಲ್ದು," ಎಂದು ಗೋದುಬಾಯಿ ನಳಿಕೆಗೆ ನೀರು ತುಂಬಲು ಬಗ್ಗಿದಳು.