ಎಂಬತ್ತರಲ್ಲೇ ನಿಂತ ಮುಳ್ಳು

ನನ್ನ ಹಳೆಯ ಪಿಕಪ್ ಗಾಡಿ ಅಂಗಳದಲ್ಲಿ ನಿಂತಲ್ಲೇ ಎಂಬತ್ತರ ವೇಗದಲ್ಲಿ ಓಡುತ್ತಿತ್ತು. ಮೀಟರ್ ಹಾಗೆ ಹೇಳುತ್ತಿತ್ತು. ಯಾವ ಕಾಲದಲ್ಲೋ ಬೈಂದೂರಿನ ಕಡೆಯ ಇಳಿಜಾರಿನಲ್ಲಿ ಎಂಬತ್ತು ಮುಟ್ಟಿದ ಮುಳ್ಳು ಮತ್ತೆ ಕೆಳಗಿಳಿಯುವ ಮನಸ್ಸು ಮಾಡಲೇ ಇಲ್ಲ. ಒಮ್ಮೆ ಪಂಚಾಯತ್ ಮೆಂಬರಾದವರು ಸೋತ ಮೇಲೂ ಮೆಂಬರಾಗಿಯೇ ಉಳಿಯುವ ಊರಿದು. ಪಾಪದ ಮುಳ್ಳೊಂದನ್ನೇ ದೂರಿ ಏನು ಪ್ರಯೋಜನ?

ನನ್ನದು ನಾವುಂದದಲ್ಲಿ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಕಸುಬು. ಮದುವೆಮನೆಗಳಲ್ಲಿ ಓಡಾಡಿ ಓಡಾಡಿ ಶೋಕಿ ನನಗೂ ಅಂಟಿದೆ. ಪಿಕಪ್ಪಿಗೆ ಅಗಲ ಟಯರು, ಹಣೆಯ ಮೇಲೆ ಸಾಲು ಲೈಟು, ಹೆದ್ದಾರಿಯ ನಾಯಿಗಳಿಗೆಲ್ಲ ಪರಿಚಯವಿರುವ ಹಾರ್ನು ಹಾಕಿಸಿದೆ. ಮೀಟರ್ ಬೋರ್ಡನ್ನು ಮಾತ್ರ ಮುಟ್ಟಲಿಲ್ಲ. ಕಾರಣ ನನ್ನ ಹೆಂಡತಿ ಜಲಜ. ಬ್ರಹ್ಮಾವರದ ತವರಿಗೆ ಹೊರಟರೆ ಅವಳು ಪಕ್ಕದಲ್ಲಿ ಕೂತು, ಹಿಡಿಕೆ ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಕುಂಭಾಶಿ ದಾಟುವವರೆಗೂ ಅಲ್ಲಿನ ಆನೆಗುಡ್ಡೆ ಗಣಪತಿಯನ್ನು ಕರೆಯುತ್ತಿದ್ದಳು. ಈ ಭೂಮಿಯ ಮೇಲೆ ನನ್ನನ್ನು ಗಂಡೆದೆಯವನೆಂದು ನಂಬಿದ ಜೀವ ಅದೊಂದೇ. ಆ ನಂಬಿಕೆಗೆ ಆಧಾರ ಆ ಮುಳ್ಳು. ಗಾಡಿ ನಿಂತ ಕೂಡಲೇ ನನ್ನ ಹೆಗಲ ಮೇಲಿನ ಬೈರಾಸು ಮೀಟರಿನ ಮೇಲೆ ತಾನಾಗಿ ಬೀಳುವಂತೆ ನೋಡಿಕೊಳ್ಳುತ್ತಿದ್ದೆ.

ಈ ಸಲ ಗಾಡಿಯ ಫಿಟ್ನೆಸ್ ಪರೀಕ್ಷೆಗೆ ಲೈಟು, ಹಾರ್ನು ಎಲ್ಲ ಕಳಚಿಟ್ಟು ಸಾಧುವೇಷದಲ್ಲಿ ಹೋದೆ. ಮೀಟರ್ ಸರಿಮಾಡಿಸಿ ತನ್ನಿ ಎಂದು ವಾಪಸು ಕಳಿಸಿದರು. ತೆಕ್ಕಟ್ಟೆಯಲ್ಲಿ ವೈರಿಂಗ್ ಮಾಡುವ ಶೀನ ಹಳೆಯದನ್ನು ಕಂಡು ನಕ್ಕ.

"ಹ್ವಾಯ್, ಈಗ ಮುಳ್ಳಿನ ಮೀಟರ್ ಯಾರ್ ಹಾಕ್ತ್ರ್? ಡಿಜಿಟಲ್ ಹಾಕುವ."

ನಮ್ಮ ಭಾಷೆಯ ಜಾಣತನ ನೋಡಿ. ಗಡಿಯಾರಕ್ಕೂ ಮುಳ್ಳು, ತಕ್ಕಡಿಗೂ ಮುಳ್ಳು, ಮೀಟರಿಗೂ ಮುಳ್ಳು, ಮೀನಿಗೂ ಮುಳ್ಳು. ಅಳೆಯುವುದೆಲ್ಲ ಎಲ್ಲಾದರೂ ಚುಚ್ಚಿಯೇ ತೀರುತ್ತದೆಂದು ಹಿರಿಯರಿಗೆ ಗೊತ್ತಿದ್ದಿರಬೇಕು. ಮುಳ್ಳಿಲ್ಲದ ಮೀನನ್ನು ನಾವು ಸಣ್ಣ ಮಕ್ಕಳಿಗೆ ಮತ್ತು ಘಟ್ಟದ ಮೇಲಿನ ನೆಂಟರಿಗೆ ಬಡಿಸುತ್ತೇವೆ. ಮುಳ್ಳಿಲ್ಲದ ಮೀಟರೂ ಹಾಗೆಯೇ ನಿರುಪದ್ರವಿ ಇರಬಹುದೆಂದುಕೊಂಡು ಒಪ್ಪಿದೆ. ಶೀನ ಅಗಲ ಟಯರಿಗೆ ಹೊಂದಿಸಿ ವೇಗದ ಲೆಕ್ಕವನ್ನೂ ಸರಿಮಾಡಿಕೊಟ್ಟ. ಎಡವಟ್ಟಾದದ್ದೇ ಅಲ್ಲಿ.

ಮರುವಾರ ಜಲಜಳನ್ನು ಕೂರಿಸಿಕೊಂಡು ಬ್ರಹ್ಮಾವರಕ್ಕೆ ಹೊರಟೆ. ಕುಂದಾಪುರ ದಾಟಿ, ಇದ್ದ ಧೈರ್ಯವನ್ನೆಲ್ಲ ಕಾಲಿಗೆ ತಂದು ಒತ್ತಿದೆ. ಗಾಡಿ ಅಬ್ಬರಿಸಿತು. ಹಿಂದೆ ಪಾತ್ರೆಗಳು ಕುಣಿದವು. ಮೀಟರಿನಲ್ಲಿ ಮಾತ್ರ ದೊಡ್ಡ ಹಸಿರು ಅಂಕಿಯಲ್ಲಿ ನಲವತ್ತೆರಡು ಬೆಳಗುತ್ತಿತ್ತು. ನನಗೆ ನಾಚಿಕೆಯಾಯಿತು. ಬೈರಾಸು ಹಾಕೋಣವೆಂದರೆ ಗಾಡಿ ಓಡುತ್ತಿದೆ. ಅಷ್ಟರಲ್ಲಿ ಅವಳು ಒಂದು ಕಣ್ಣು ತೆರೆದಳು.

"ಹೊಸತಲ್ದಾ, ಇನ್ನೂ ಪಳಗ್ಲಿಲ್ಲೆ," ಎಂದೆ, ಅವಳು ಕೇಳುವ ಮೊದಲೇ.

ಅವಳು ನಗಲಿಲ್ಲ. ಕಣ್ಣು ಮುಚ್ಚಿ ಹಿಡಿಕೆಯನ್ನು ಮತ್ತಷ್ಟು ಬಿಗಿಯಾಗಿ ಹಿಡಿದಳು. ನನಗೆ ಹೋದ ಜೀವ ಬಂದಂತಾಯಿತು. ಅವಳ ಮುಖವನ್ನೇ ನೋಡುತ್ತಾ ಕೇಳಿದೆ, "ನಲ್ವತ್ತೆರಡಕ್ಕೂ ಹೆದ್ರಿಕಿಯಾ ನಿಂಗೆ?"

ಅವಳು ತಟ್ಟನೆ ಎರಡೂ ಕಣ್ಣು ತೆರೆದಳು. "ನಾನ್ ಯಾವತ್ ಮೀಟರ್ ಕಂಡ್ ಹೆದ್ರದ್? ಸ್ಕೂಟರಿನವ್ರೆಲ್ಲ ನಮ್ಮನ್ ದಾಟಿ ಹೋತ್ರ್, ಅದ್ ಮದ್ವಿ ಆದ ವರ್ಸದಿಂದ ಗೊತ್ತಿತ್ತ್. ನಾನ್ ಹೆದ್ರತ್ನಾ ಇಲ್ಯಾ ಅಂದೇಳಿ ನೀವ್ ರಸ್ತಿ ಬಿಟ್ಟ್ ನನ್ನ್ ಮೋರೆ ಕಾಂತ್ರಿ ಅಲ್ದಾ, ಅದಕ್ಕೇ ಹೆದ್ರಿಕಿ. ಎದ್ರಿಗೆ ಕಾಣಿ ಮಾರಾಯ್ರೆ, ಬಸ್ ನಿಂತಿತ್ತ್!"

ನಿಜಕ್ಕೂ ಬಸ್ಸು ನಿಂತಿತ್ತು. ಬ್ರೇಕು ಹಾಕಿ, ಬದಿಗೆ ತಂದು, ಬೆವರು ಒರೆಸಿಕೊಂಡು ಮತ್ತೆ ಹೊರಟೆ. ಅಲ್ಲಿಂದ ಮುಂದೆ ಅವಳನ್ನೂ ನೋಡಲಿಲ್ಲ, ಮೀಟರನ್ನೂ ನೋಡಲಿಲ್ಲ, ರಸ್ತೆಯನ್ನೇ ನೋಡಿದೆ. ಕುಂಭಾಶಿ ಬಂತು. ಗಣಪತಿಯ ಹೆಸರು ಕೇಳಿಸಲಿಲ್ಲ. ಪಕ್ಕದಿಂದ ಸಣ್ಣಗೆ ಗೊರಕೆ ಕೇಳಿಸಿತು. ಒಮ್ಮೆ ತಿರುಗಿ ನೋಡಬೇಕೆನಿಸಿತು, ನೋಡಲಿಲ್ಲ.