ಎಂಟಾಣೆ ಏರಿದ ಊಟ

ಸಂಶಿಯ ಹೈಸ್ಕೂಲಿಗೆ ಮಾಸ್ತರನಾಗಿ ಹೋದಾಗ ನನಗೆ ಇಪ್ಪತ್ಮೂರು ವರ್ಷ. ಎಂಬತ್ತರ ದಶಕದ ನಡುವಿನ ಮಾತು. ನಮ್ಮದು ಕಲಘಟಗಿ ತಾಲೂಕಿನ ದೇವಿಕೊಪ್ಪದ ಕಡೆ, ಭತ್ತ ಬೆಳೆಯುವ ಸೀಮೆ. ಎರಡು ಹೊತ್ತೂ ಅನ್ನ ಉಂಡು ಬೆಳೆದ ನನಗೆ ಎರೆಭೂಮಿಯ ಜೋಳದ ರೊಟ್ಟಿ ಮೊದಮೊದಲು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಾಡಿಗೆ ಖೋಲಿಯಲ್ಲಿ ಸೀಮೆಎಣ್ಣೆ ಸ್ಟೋ ಇತ್ತು. ಅದರ ಮೇಲೆ ಚಹಾ ಬಿಟ್ಟರೆ ಬೇರೇನೂ ಮಾಡಲು ನನಗೆ ಬರುತ್ತಿರಲಿಲ್ಲ. ಪಕ್ಕದ ಖೋಲಿಯಲ್ಲಿ ಬ್ಯಾಂಕಿನ ಗುಮಾಸ್ತನೊಬ್ಬನಿದ್ದ. ಅವನೇ ಮೊದಲ ದಿನ ನನ್ನನ್ನು ಸಂತೆ ಬಯಲಿನ ಹಿಂದಿನ ಓಣಿಯ ಖಾನಾವಳಿಗೆ ಕರೆದುಕೊಂಡು ಹೋದ.

ಖಾನಾವಳಿ ಎಂದರೆ ಒಂದು ಮನೆಯ ಪಡಸಾಲೆ, ಅಷ್ಟೇ. ಬೋರ್ಡು ಇರಲಿಲ್ಲ. ಗೋಡೆಗುಂಟ ಹಾಸಿದ ಚಾಪೆಯ ಮೇಲೆ ಎಂಟು ಜನ ಕೂತರೆ ಒಂಬತ್ತನೆಯವನು ಕಟ್ಟೆಯ ಮೇಲೆ ಕಾಯಬೇಕು. ನಡೆಸುತ್ತಿದ್ದಾಕೆ ನಲವತ್ತರ ಆಸುಪಾಸಿನ ಹೆಣ್ಣುಮಗಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಕಿವಿ ಕೇಳದ ಅತ್ತೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ಈಕೆ ಬಡಿಸುತ್ತಿದ್ದಳು. ನಾವೆಲ್ಲ ‘ಅಕ್ಕಾರ’ ಎನ್ನುತ್ತಿದ್ದೆವು. ಬಿಸಿ ರೊಟ್ಟಿ ಬೇಡವೆನ್ನುವವರೆಗೂ ಬರುತ್ತಿತ್ತು. ಜೊತೆಗೆ ಎರಡು ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು, ಕೊನೆಗೆ ಒಂದು ಮುಟಿಗೆ ಅನ್ನ, ಸಾರು. ಇಷ್ಟಕ್ಕೆ ಮೂರು ರೂಪಾಯಿ.

ಎರಡನೆಯ ದಿನವೇ ಆಕೆ ನನ್ನ ತಾಟು ನೋಡಿ ಕೇಳಿದಳು: “ಮಾಸ್ತರ್ರ, ನಿಮ್ಮದು ಯಾ ಕಡೇರಿ?”

“ಕಲಘಟಗಿ ಕಡೇರಿ.”

“ಹಂಗಾರ ಅನ್ನದ ಮಂದಿ. ಅದಕ್ಕs ರೊಟ್ಟಿ ಮುರಕೊಂಡ ಕುಂತೀರಿ.”

ಅಂದಿನಿಂದ ನನಗೆ ಮಾತ್ರ ಎರಡು ಸೌಟು ಅನ್ನ ಹೆಚ್ಚು. ನಾನು ಕೇಳಿರಲಿಲ್ಲ, ಆಕೆಯೂ ಅದನ್ನು ಒಂದು ದೊಡ್ಡ ಉಪಕಾರವೆಂಬಂತೆ ಆಡಿ ತೋರಿಸಲಿಲ್ಲ. ಹೀಗೆ ಒಂದೂವರೆ ವರ್ಷ ಉಂಡೆ. ಊರಿಗೆ ಹೋದಾಗ ಅವ್ವ “ಮೈ ತುಂಬೇತಿ” ಎಂದು ಸಮಾಧಾನಪಟ್ಟಳು.

ಒಂದು ತಿಂಗಳ ಕೊನೆಗೆ, ನಾವು ಕೈ ತೊಳೆದು ಏಳುವ ಹೊತ್ತಿಗೆ ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದಳು: “ಬರೂ ತಿಂಗಳದಿಂದ ಊಟಕ್ಕ ಮೂರೂವರಿ ಆಗ್ತೈತ್ರಿ. ಎಣ್ಣಿ ಅಗದಿ ತುಟ್ಟಿ ಆಗೇತಿ, ಬ್ಯಾಳಿ ತುಟ್ಟಿ ಆಗೇತಿ. ಒಲಿಗೆ ಕಟಗಿ ಅಂತೂ ಸಿಗವಲ್ಲದು.” ಹೇಳುವಾಗ ನಮ್ಮ ಮುಖ ನೋಡದೆ ನೆಲ ನೋಡುತ್ತಿದ್ದಳು.

ಓಣಿ ದಾಟಿದ ಮೇಲೆ ಗುಮಾಸ್ತ ಶುರುಮಾಡಿದ. “ಹಿಂದಕ ಎರಡೂವರಿ ಇತ್ತಂತ. ನಾವು ಬರೂಕಿಂತ ಮೊದಲ ಮೂರ ಮಾಡ್ಯಾಳ. ಈಗ ಮೂರೂವರಿ. ಸುಮ್ಮನಿದ್ರ ನಾಕ ಮಾಡ್ತಾಳ. ನೀವs ಬರದು ಕೊಡ್ರಿ ಮಾಸ್ತರ, ನಿಮ್ಮ ಅಕ್ಷರ ಚಲೋ ಅದಾವ.”

ನನ್ನ ಅಕ್ಷರದ ಬಗ್ಗೆ ಯಾರಾದರೂ ಹೊಗಳಿದರೆ ನಾನು ಕರಗಿಹೋಗುತ್ತಿದ್ದ ಕಾಲ ಅದು. ಅದೇ ತಿಂಗಳು ನಮಗೆ ತುಟ್ಟಿಭತ್ಯೆ ಏರಿತ್ತು. ಎಣ್ಣೆ, ಬೇಳೆಯ ಬೆಲೆ ಏರಿದೆಯೆಂದೇ ಸರಕಾರ ನಮ್ಮ ಪಗಾರಕ್ಕೆ ಅಷ್ಟು ಸೇರಿಸಿತ್ತು. ಆಕೆಗೆ ಸೇರಿಸಬೇಕಾದವರು ನಾವೇ ಎಂಬ ವಿಚಾರ ನನ್ನ ತಲೆಗೆ ಬರಲಿಲ್ಲ. ಶಾಲೆಯ ಹಾಳೆಯ ಮೇಲೆ, ಕೆಳಗೆ ಗೆರೆ ಎಳೆದು, ಅರ್ಜಿ ಬರೆದೆ. ‘ಕೆಳಗೆ ಸಹಿ ಮಾಡಿದ ನಾವು ಕಾಯಂ ಗಿರಾಕಿಗಳು’ ಎಂದು ಶುರು. ‘ಪದೇ ಪದೇ ದರ ಏರಿಸುವುದು ನ್ಯಾಯವಲ್ಲ’ ಎಂದು ನಡುವೆ. ‘ಹಳೆಯ ದರವನ್ನೇ ಮುಂದುವರಿಸದಿದ್ದಲ್ಲಿ ನಾವು ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕಾಗುತ್ತದೆ’ ಎಂದು ಕೊನೆ. ನಾನೂ ಸೇರಿ ಏಳು ಜನ ಸಹಿ ಹಾಕಿದೆವು.

ಮರುದಿನ ಮಧ್ಯಾಹ್ನ ಗುಮಾಸ್ತ ಅದನ್ನು ಆಕೆಯ ಕೈಗೆ ಕೊಟ್ಟ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡಳು. ಮೇಲೆ ಕೆಳಗೆ ನೋಡಿದಳು. ಆಮೇಲೆ ಸೀದಾ ನನ್ನ ಮುಂದೆ ಹಿಡಿದಳು.

“ಮಾಸ್ತರ್ರ, ಚೂರ ಓದಿ ಹೇಳ್ರಿ. ನನಗ ಓದಾಕ ಬರಂಗಿಲ್ಲ.”

ಒಂದೂವರೆ ವರ್ಷ ಆಕೆಯ ಕೈಯಡುಗೆ ಉಂಡಿದ್ದೆ, ಆಕೆಗೆ ಓದಲು ಬರುವುದಿಲ್ಲವೆಂಬುದು ನನಗೆ ಗೊತ್ತಿರಲಿಲ್ಲ. ಉಳಿದವರೆಲ್ಲ ತಾಟಿನ ಮೇಲೆ ಬಗ್ಗಿದರು. ನಾನು ಓದಿದೆ. ರಾತ್ರಿ ಬರೆಯುವಾಗ ಗತ್ತಾಗಿ ಕಂಡಿದ್ದ ಮಾತುಗಳು ಆ ಪಡಸಾಲೆಯಲ್ಲಿ, ಆಕೆಯ ಮುಖದೆದುರು, ಬೇರೆಯಾಗಿಯೇ ಕೇಳಿಸಿದವು. ‘ನ್ಯಾಯವಲ್ಲ’ ಎಂಬಲ್ಲಿ ನನ್ನ ದನಿ ಇಳಿಯಿತು. ಆಕೆ ಸೌಟು ಹಿಡಿದು ಕೊನೆಯವರೆಗೂ ನಿಂತು ಕೇಳಿದಳು.

“ಯಾರ ಬರದಾರ್ರಿ ಇದನ್ನ?”

“ಎಲ್ಲಾರೂ ಕೂಡೇ ಬರದೀವ್ರಿ,” ಎಂದೆ.

“ಆತ್ರಿ. ಮೂರs ಕೊಡ್ರಿ,” ಎಂದು ಒಳಗೆ ಹೋಗಿ ಸಾರು ತಂದಳು. ನನ್ನ ತಾಟಿಗೆ ಎಂದಿನಂತೆ ಎರಡು ಸೌಟು ಅನ್ನ ಹೆಚ್ಚು ಬಿತ್ತು.

ಗೆದ್ದ ಖುಷಿಗೆ ಅಂದು ಸಂಜೆ ನಾವೆಲ್ಲ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಮಿರ್ಚಿಭಜಿ ತಿಂದು ಚಹಾ ಕುಡಿದೆವು. ತಲೆಗೆ ಒಂದೂವರೆ ರೂಪಾಯಿ ಆಯಿತು. ಭಜಿಯ ಬೆಲೆಯೂ ಏರಿತ್ತು, ಅದನ್ನು ಯಾರೂ ಕೇಳಲಿಲ್ಲ.

ಎರಡು ತಿಂಗಳಲ್ಲಿ ಮೊಸರು ಮಜ್ಜಿಗೆಯಾಯಿತು. ಎರಡು ಪಲ್ಯವಿದ್ದದ್ದು ಒಂದಾಯಿತು. ಆದರೆ ರೊಟ್ಟಿಗೆ ಮಾತ್ರ ಆಕೆ ಲೆಕ್ಕ ಇಡಲಿಲ್ಲ. ಗುಮಾಸ್ತ ಮಜ್ಜಿಗೆಯ ಬಟ್ಟಲು ಎತ್ತಿ ಹಿಡಿದು, “ಅಕ್ಕಾರ, ಇದರಾಗ ಮುಖ ಕಾಣಸ್ತೈತಲ್ರಿ,” ಎಂದು ನಗುತ್ತಿದ್ದ. ನಾವೂ ನಗುತ್ತಿದ್ದೆವು. ಆಕೆ ನಗಲಿಲ್ಲ, ಸಿಟ್ಟಿಗೂ ಬರಲಿಲ್ಲ.

ಒಂದು ಭಾನುವಾರ ನಾನು ಊರಿನಿಂದ ಮರಳುವಾಗ ಬಸ್ಸು ಕೆಟ್ಟು ತಡವಾಯಿತು. ಸಂಶಿ ಮುಟ್ಟಿದಾಗ ಮಧ್ಯಾಹ್ನ ಮೂರು ದಾಟಿತ್ತು. ಹಸಿವೆಯಲ್ಲಿ ನೇರ ಖಾನಾವಳಿಗೆ ಹೋದೆ. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಅಡಿಗೆಮನೆಯ ಬಾಗಿಲಿಗೆ ಬಂದು ಕರೆದೆ. ಅತ್ತೆ ಸೊಸೆ ಇಬ್ಬರೂ ಉಣ್ಣಲು ಕೂತಿದ್ದರು. ನಡುವೆ ಒಂದು ಗಡಿಗೆ. ತಾಟಿನಲ್ಲಿ ಜೋಳದ ನುಚ್ಚು, ಅದರ ಮೇಲೆ ನೀರು ಮಜ್ಜಿಗೆ, ಬದಿಗೆ ಉಪ್ಪು. ಪಲ್ಯ ಇರಲಿಲ್ಲ, ರೊಟ್ಟಿಯೂ ಇರಲಿಲ್ಲ. ನಮಗೆ ಮಾಡಿದ್ದರಲ್ಲಿ ಉಳಿದದ್ದನ್ನು ಇವರು ಉಣ್ಣುತ್ತಾರೆಂದು ನಾನು ತಿಳಿದಿದ್ದೆ. ಉಳಿಯುವಂತೆ ಮಾಡುವ ಶಕ್ತಿಯೇ ಆಕೆಗೆ ಉಳಿದಿರಲಿಲ್ಲ.

ನನ್ನನ್ನು ನೋಡಿ ಆಕೆ ಗಡಬಡಿಸಿ ಎದ್ದಳು. “ಚೂರ ಕುಂದರ್ರಿ ಮಾಸ್ತರ್ರ, ಎರಡ ರೊಟ್ಟಿ ಬಡದ ಕೊಡ್ತೀನಿ.”

“ಬ್ಯಾಡ್ರಿ ಅಕ್ಕಾರ, ಉಣ್ಣೂದ ಬಿಟ್ಟು ಏಳಬ್ಯಾಡ್ರಿ.”

“ಹಸದ ಬಂದೀರಿ, ಹಂಗ ಹ್ಯಾಂಗ ಹೋಗ್ತೀರಿ?”

ಆರಿದ ಒಲೆ ಮತ್ತೆ ಹೊತ್ತಿಸಿದಳು. ನಾನು ಉಂಡೆ. ಏಳುವಾಗ ಮೂರು ರೂಪಾಯಿಯ ಜೊತೆಗೆ ಇನ್ನೊಂದು ಎಂಟಾಣೆ ಇಡಬೇಕೆಂದು ಕೈ ಜೇಬಿಗೆ ಹೋಯಿತು. ಉಳಿದ ಆರು ಜನರ ನೆನಪಾಯಿತು. ಒಬ್ಬನೇ ಹೆಚ್ಚು ಕೊಟ್ಟರೆ ಅವರ ಎದುರು ಸಣ್ಣವನಾಗುತ್ತೇನೆ ಅನಿಸಿತು. ಮೂರೇ ಇಟ್ಟು ಬಂದೆ. ಆ ಅರ್ಜಿ ಬರೆದದ್ದು ವಯಸ್ಸಿನ ಹುಮ್ಮಸ್ಸು ಎಂದು ನಾನು ನನ್ನನ್ನು ಕ್ಷಮಿಸಿಕೊಳ್ಳಬಲ್ಲೆ. ಅಂದಿನ ಮಧ್ಯಾಹ್ನಕ್ಕೆ ಅಂಥ ನೆಪವೂ ಇಲ್ಲ, ಎಲ್ಲವನ್ನೂ ಕಣ್ಣಾರೆ ನೋಡಿದ್ದೆ.

ಶ್ರಾವಣ ಮುಗಿದ ಮೇಲೆ ಆಕೆ ಖಾನಾವಳಿ ನಿಲ್ಲಿಸಿದಳು. “ಇನ್ನ ಆಗಂಗಿಲ್ರಿ. ಅತ್ತಿಗೂ ಕೈ ಸೋತಾವು,” ಎಂದಷ್ಟೇ ಹೇಳಿದಳು.

ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಎದುರು ಹೊಸ ಹೋಟೆಲು ಶುರುವಾಗಿತ್ತು. ಮೇಲೆ ಫ್ಯಾನು, ಸನ್ಮೈಕಾ ಟೇಬಲ್ಲು, ಗೋಡೆಗೆ ಬಣ್ಣದಲ್ಲಿ ಬರೆಸಿದ ದರಪಟ್ಟಿ. ಊಟಕ್ಕೆ ಐದು ರೂಪಾಯಿ. ನಾಲ್ಕು ಪೂರಿ, ಹಿಡಿಯಷ್ಟು ಬಟ್ಟಲುಗಳಲ್ಲಿ ಪಲ್ಯ, ಒಂದು ಕಪ್ ಅನ್ನ. ಐದನೆಯ ಪೂರಿಗೆ ಬೇರೆ ರೊಕ್ಕ. ನಾವು ಏಳೂ ಜನ ಅಲ್ಲಿಗೇ ಹೋದೆವು. ಕೆಲವೇ ತಿಂಗಳಲ್ಲಿ ಪೇಂಟರ್ ಬಂದು ಐದನ್ನು ಅಳಿಸಿ ಐದೂವರೆ ಮಾಡಿದ. ಗಲ್ಲೆಯ ಮೇಲೆ ಕೂತ ಮಾಲಕ ನಮ್ಮ ಮುಖ ನೋಡದೆ ರೊಕ್ಕ ತೆಗೆದುಕೊಳ್ಳುತ್ತಿದ್ದ. ಅವನಿಗೆ ಅರ್ಜಿ ಕೊಡುವ ಮಾತನ್ನು ಯಾರೂ ಎತ್ತಲಿಲ್ಲ. ಬೋರ್ಡಿನ ಮೇಲೆ ಬರೆದದ್ದನ್ನು ನಾವು ಬೆಲೆ ಎಂದುಕೊಂಡೆವು. ಬಾಗಿಲಲ್ಲಿ ನಿಂತು ಒಬ್ಬ ಹೆಣ್ಣುಮಗಳು ಹೇಳಿದ್ದನ್ನು ದುರಾಸೆ ಎಂದುಕೊಂಡಿದ್ದೆವು.

ಮರುವರ್ಷ ಪರೀಕ್ಷೆಯ ಕೆಲಸಕ್ಕೆಂದು ಕುಂದಗೋಳಕ್ಕೆ ಹೋಗಿದ್ದೆ. ಒಬ್ಬ ವ್ಯಾಪಾರಿಯ ಅಂಗಳದಲ್ಲಿ ಹೆಂಗಸರು ಒಣ ಮೆಣಸಿನಕಾಯಿಯ ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು. ಘಾಟಿಗೆ ಸೀನುತ್ತ ದಾಟುತ್ತಿದ್ದವನನ್ನು ಯಾರೋ ಕರೆದರು.

“ಮಾಸ್ತರ್ರ! ಗುರುತ ಸಿಗಲಿಲ್ಲೇನ್ರಿ?”

ಮೂಗಿಗೆ ಕಟ್ಟಿದ ಸೆರಗು ಇಳಿಸಿದಾಗ ಅಕ್ಕಾರ ಎಂದು ಗೊತ್ತಾಯಿತು. ಕಣ್ಣು ಕೆಂಪಾಗಿದ್ದವು, ಮೆಣಸಿನಕಾಯಿಯ ಉರಿಗೆ ಬೆರಳು ಬಾತಿದ್ದವು. ಬೆಳಗ್ಗೆ ಬಸ್ಸಿಗೆ ಬಂದು ಸಂಜೆ ಸಂಶಿಗೆ ಮರಳುತ್ತಾಳಂತೆ. ನನ್ನ ಅವ್ವನ ಬಗ್ಗೆ ಕೇಳಿದಳು, ಮದುವೆ ಗೊತ್ತಾಯಿತೇ ಎಂದು ಕೇಳಿದಳು. ಆಮೇಲೆ ಕೇಳಿದಳು:

“ಈಗ ಊಟ ಎಲ್ಲಿ ಮಾಡ್ತೀರಿ?”

“ಬಸ್‌ಸ್ಟ್ಯಾಂಡ ಹೋಟೆಲ್ಲಿನ್ಯಾಗ್ರಿ.”

“ಎಷ್ಟ ತಗೋತಾರ್ರಿ ಅಲ್ಲಿ?”

ಐದೂವರೆ ಎಂಬ ಮಾತು ಬಾಯಿಗೆ ಬಂದಿತ್ತು. ಹೇಳಿದರೆ ನಾನು ಎಂಥವನೆಂದು ಆಕೆಗೆ ಒಂದೇ ಕ್ಷಣದಲ್ಲಿ ತಿಳಿಯುತ್ತಿತ್ತು. “ಮೂರು ರೂಪಾಯಿರಿ,” ಎಂದೆ.

ಆಕೆ ಕೈಯಲ್ಲಿದ್ದ ಮೆಣಸಿನಕಾಯಿ ಹಾಗೇ ಹಿಡಿದು ನನ್ನನ್ನು ನೋಡಿದಳು.

“ಮೂರಕ್ಕs? ಬಾಡಗಿ ಕೊಟ್ಟು, ಆಳ ಇಟ್ಟು?”

“ಹೌದ್ರಿ.”

“ಹಂಗಾರ ಅವರಿಗೆ ನಡಸಾಕ ಬರ್ತೈತಿ. ನನಗs ಬರಲಿಲ್ಲ ನೋಡ್ರಿ. ಎಣ್ಣಿ ಹೆಚ್ಚ ಸುರೀತಿದ್ನೋ ಏನೋ. ಅತ್ತಿ ಕೂಡ ಸುಳ್ಳs ಜಗಳಾಡ್ತಿದ್ದೆ, ಹಿಟ್ಟ ಚೆಲ್ತಿ ಅಂತ.”

ಅಷ್ಟು ಹೇಳಿ ಮತ್ತೆ ಸೆರಗು ಕಟ್ಟಿಕೊಂಡು ಬಗ್ಗಿದಳು. ಆಗಲೂ ನಿಜ ಹೇಳಬಹುದಿತ್ತು. ಸುತ್ತ ಹತ್ತು ಹೆಂಗಸರು ಕೇಳಿಸಿಕೊಳ್ಳುತ್ತಿದ್ದರು. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಬಂದುಬಿಟ್ಟೆ. ಸಂಶಿಗೆ ಬಂದ ಮೇಲೆ ಒಂದು ಸಂಜೆ ಮನೆಗೇ ಹೋಗಿ ಹೇಳೋಣ ಎಂದುಕೊಂಡೆ. ಪರೀಕ್ಷೆ ಮುಗಿಯಲಿ ಎಂದು ಮುಂದೆ ಹಾಕಿದೆ, ಆಮೇಲೆ ರಜೆ ಬಂತು. ರಜೆ ಮುಗಿಸಿ ಬರುವಷ್ಟರಲ್ಲಿ ಅತ್ತೆ ತೀರಿಹೋಗಿ, ಆಕೆ ಮನೆಗೆ ಕೀಲಿ ಹಾಕಿಕೊಂಡು ಯರಗುಪ್ಪಿಯ ತವರಿಗೆ ಹೋಗಿದ್ದಳು.

ಯರಗುಪ್ಪಿ ದೂರವೇನಲ್ಲ. ಇನ್ನೂ ಎರಡು ವರ್ಷ ನಾನು ಸಂಶಿಯಲ್ಲಿದ್ದೆ, ಒಂದು ಭಾನುವಾರ ಸಾಕಿತ್ತು. ನವಲಗುಂದಕ್ಕೆ ವರ್ಗವಾಗುವವರೆಗೂ ಹೋಗಲಿಲ್ಲ. ತನ್ನ ಕೈಯಲ್ಲೇ ಏನೋ ತಪ್ಪಿತ್ತೆಂದು ಆಕೆ ನಂಬಿಕೊಂಡೇ ಉಳಿದಳು.