ಬೀಗರು ಬಾರದ ಔತಣ

ಆಗೆಲ್ಲ ನಮ್ಮ ಮನೆಯಲ್ಲಿ ಏನೇ ನಡೆದರೂ ಅದಕ್ಕೊಂದು ಸಾಮ್ಯ, ಬೈಬಲಿನ ದೃಷ್ಟಾಂತ ಕಥೆ, ಸಿದ್ಧವಾಗಿರುತ್ತಿತ್ತು. ಆಡು ತಪ್ಪಿಸಿಕೊಂಡು ಹೋದರೆ ಕಳೆದುಹೋದ ಕುರಿಯ ಕಥೆ. ನಾನೂ ತಮ್ಮನೂ ಚಿಣಿಫಣಿ ಆಟದಲ್ಲಿ ಜಗಳವಾಡಿದರೆ ಒಬ್ಬ ತಂದೆ, ಇಬ್ಬರು ಮಕ್ಕಳ ಕಥೆ. ಬದುವಿನ ಕಲ್ಲುಗಳ ನಡುವೆ ಮೊಳೆತ ಜೋಳ ಬಾಡಿದರೆ ಬಿತ್ತುವವನ ಕಥೆ. ಹೇಳುತ್ತಿದ್ದವರು ನಮ್ಮ ಮುತ್ಯಾ, ಅಪ್ಪನ ಅಪ್ಪ. ಸಾಲಿ ಮಾಸ್ತರರಾಗಿ ನಿವೃತ್ತರಾದವರು, ಸಭೆಯ ಹಿರಿಯರು. ಯೇಸುಸ್ವಾಮಿ ಹೇಳಿದ ಕಥೆಗಳು ದೇವಾಲಯದ ಗೋಡೆಯೊಳಗೆ ಉಳಿಯುವುದಕ್ಕಲ್ಲ, ಅಡುಗೆಮನೆಗೂ ಹೊಲಕ್ಕೂ ಬರಬೇಕು ಎಂಬುದು ಅವರ ನಂಬಿಕೆ. ಕಥೆ ಮುಗಿದ ಮೇಲೆ ಕನ್ನಡಕ ತೆಗೆದು ಕೇಳುತ್ತಿದ್ದರು: "ಇದರಾಗ ನಮಗೇನ ಪಾಠ ಐತಿ, ಹೇಳ್ರಿ ನೋಡೂಣು."

ರಬಕವಿಯಿಂದ ಹಿಪ್ಪರಗಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಸುತ್ತ ಕಬ್ಬು. ಕ್ರಿಸ್ಮಸ್ ಕಳೆದು ಚಳಿ ಇನ್ನೂ ಇರುವಾಗ ಕಬ್ಬಿನ ಕಡಿತ ಜೋರಾಗುತ್ತಿತ್ತು. ಗಾಣದ ಕಡೆಯಿಂದ ಬೆಲ್ಲದ ಪಾಕದ ವಾಸನೆ, ರವದಿ ಎಂದು ಕರೆಯುವ ಕಬ್ಬಿನ ಒಣ ಸೋಗೆ ಸುಟ್ಟ ಹೊಗೆ, ಟ್ರ್ಯಾಕ್ಟರುಗಳ ಹಾಡು. ನಾವು ಮಕ್ಕಳು ಟ್ರೇಲರಿನ ಹಿಂದೆ ಓಡಿ ಕಬ್ಬು ಎಳೆದುಕೊಂಡು, ತುಟಿ ಕೊಯ್ದುಕೊಳ್ಳುವವರೆಗೆ ಸಿಗಿದು ತಿನ್ನುತ್ತಿದ್ದೆವು.

ಅಂಥದೊಂದು ಸುಗ್ಗಿಯಲ್ಲಿ ನಮ್ಮ ಕರುಣಾ ಅತ್ತೆಯ ನಿಶ್ಚಯಕ್ಕೆ ದಿನ ಗೊತ್ತಾಯಿತು. ಅತ್ತೆ ಅಪ್ಪನ ತಂಗಿ. ವಯಸ್ಸು ಮೀರುತ್ತಿದೆ ಎಂದು ಎಲ್ಲರೂ ಪಿಸುಗುಡುತ್ತಿದ್ದ ಕಾಲ. ವರ ಮುಧೋಳದವನು, ಪ್ರಕಾಶ ಎಂದು ಹೆಸರು, ಅವನೂ ಮಾಸ್ತರನೇ. ನನ್ನ ತಲೆ ಬಾಚುತ್ತ ಅತ್ತೆ ಒಮ್ಮೆ ತಾನಾಗಿಯೇ ಹೇಳಿದ್ದಳು: "ಅವ್ರು ಮಾತಾಡೂದು ಕಡಿಮಿ. ಆದ್ರ ನಕ್ಕರ ಭಾಳ ಛಲೋ ಕಾಣ್ತಾರ." ಹೇಳಿ ತಾನೇ ನಾಚಿ ನನ್ನ ಜಡೆಯನ್ನು ಬಿಗಿಯಾಗಿ ಎಳೆದಿದ್ದಳು.

ನಿಶ್ಚಯದ ದಿನ ಆಯಿ, ಅಪ್ಪನ ಅವ್ವ, ನಸುಕಿನಿಂದಲೇ ಒಲೆ ಮುಂದೆ. ದೊಡ್ಡ ಹಂಡೆಯಲ್ಲಿ ಗೋಧಿ ಹುಗ್ಗಿ, ಇನ್ನೊಂದರಲ್ಲಿ ಮಟನ್ ಸಾರು, ಬುಟ್ಟಿ ತುಂಬ ರೊಟ್ಟಿ, ಎಣಗಾಯಿ. ಅತ್ತೆ ಹೊಸ ಇಳಕಲ್ ಸೀರೆ ಉಟ್ಟು ಕೂತಿದ್ದಳು. ಊಟದ ಹೊತ್ತಾಯಿತು, ಬೀಗರು ಬರಲಿಲ್ಲ. ಕೊನೆಗೆ ಬಂದದ್ದು ಅಂಗಡಿಯ ಫೋನಿಗೆ ಸುದ್ದಿ. ಅಪ್ಪ ಕೇಳಿಕೊಂಡು ಬಂದರು.

"ಅವರ ದೊಡ್ಡಪ್ಪ ಸಿಟ್ಟಾಗ್ಯಾನಂತ. ಕರಿಯಾಕ ನಾವು ಖುದ್ದ ಹೋಗಿಲ್ಲಂತ. ಗಾಡಿ ಹತ್ತಿದವರನ್ನೂ ಇಳಿಸ್ಯಾನಂತ."

ಮುತ್ಯಾ ಕಟ್ಟೆಯ ಮೇಲೆ ಕೂತವರು ಏಳಲಿಲ್ಲ. ಆಯಿಯೇ ಬಾಗಿಲಿಗೆ ಬಂದು, "ಇಷ್ಟೆಲ್ಲಾ ಅಡಗಿ ಏನ್ ಮಾಡೂದ್ರಿ ಈಗ?" ಎಂದಳು. ಆಗ ಅವರ ಮುಖ ಬೆಳಗಿದ್ದನ್ನು ನಾನು ಕಣ್ಣಾರೆ ಕಂಡೆ. ಕರೆದವರು ಬಾರದೆ ಹೋದಾಗ ಬೀದಿಯಲ್ಲಿದ್ದವರನ್ನೆಲ್ಲ ಕರೆಸಿ ಉಣಿಸಿದ ಯಜಮಾನನ ಕಥೆಯನ್ನು ನಾವೆಲ್ಲ ಎಷ್ಟು ಸಲ ಕೇಳಿರಲಿಲ್ಲ!

"ಹೋಗ್ರಿ," ಎಂದರು ಎದ್ದು ನಿಂತು. "ಕಬ್ಬ ಕಡ್ಯಾವರನ್ನೆಲ್ಲಾ ಕರಕೊಂಡ ಬರ್ರಿ. ಒಬ್ಬರನ್ನೂ ಬಿಡಬ್ಯಾಡ್ರಿ."

ನಾವು ಓಡಿದೆವು. ಹೊಲದಂಚಿನ ಗುಡಿಸಲುಗಳಲ್ಲಿದ್ದವರು ವಿಜಾಪುರದ ಕಡೆಯವರು. ಮೊದಲು ನಂಬಲಿಲ್ಲ. "ಮೈಯೆಲ್ಲಾ ರವದಿ ಐತಿ, ಹೆಂಗ ಬರೂದ್ರಿ?" ಎಂದರು. ಆಮೇಲೆ ಕೈಕಾಲು ತೊಳೆದು, ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದು ಅಂಗಳದಲ್ಲಿ ಸಾಲಾಗಿ ಕೂತರು. ಅತ್ತೆ ಒಳಗೆ ಕೂರಲಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಗ್ಗಿ ಬಡಿಸಲು ಬಂದಳು. ನಾನು ತುಪ್ಪದ ಪಾತ್ರೆ ಹಿಡಿದು ಅವಳ ಹಿಂದೆ.

ಒಬ್ಬ ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಯಾರ ಮದವಿ ಯವ್ವಾ ಇದು?" ಎಂದು ಕೇಳಿದಳು.

"ಯಾರದೂ ಅಲ್ಲ ಬೇ. ಉಣ್ಣು," ಎಂದಳು ಅತ್ತೆ. ಇನ್ನೊಂದು ಸೌಟು ಹುಗ್ಗಿ ಹಾಕಿದಳು.

ಮುಂದಿನ ಭಾನುವಾರ ಮುತ್ಯಾ ಸಭೆಯಲ್ಲಿ ಎದ್ದು ನಿಂತು ಇದನ್ನೆಲ್ಲ ಹೇಳಿದರು. ಹೆಂಗಸರು ಕಣ್ಣೊರೆಸಿಕೊಂಡರು. ಜಮಖಂಡಿಯಿಂದ ಬಂದ ಸಭಾಪಾಲಕರು ಅವರ ಕೈ ಹಿಡಿದು ಕುಲುಕಿದರು. ನಮಗೂ ಹೆಮ್ಮೆ. ನಮ್ಮ ಮನೆಯಲ್ಲಿ ಸಾಮ್ಯವೊಂದು ನಿಜವಾಗಿತ್ತಲ್ಲ!

ಸುಗ್ಗಿ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಪ್ರಕಾಶ ಮಾಸ್ತರ ಒಬ್ಬನೇ ಬಂದ. ಮೋಟಾರ್ ಸೈಕಲ್ ಬೇಲಿಯ ಹತ್ತಿರವೇ ನಿಲ್ಲಿಸಿ, ಚಪ್ಪಲಿ ಬಿಟ್ಟು, ಬಾಗಿಲಿನ ಹೊರಗೆ ನಿಂತ.

"ತಪ್ಪಾಗೇತ್ರಿ. ದೊಡ್ಡಪ್ಪ ಹಟಾ ಹಿಡದ, ನನಗ ಎದುರು ಮಾತಾಡಾಕ ಆಗಲಿಲ್ಲ. ಈಗ ಯಾರು ಬರ್ಲಿ ಬಿಡ್ಲಿ, ನಾ ಬಂದೇನಿ. ನಿಮ್ಮ ಮಗಳನ್ನ ಕೇಳಾಕ ಬಂದೇನಿ."

ಮುತ್ಯಾ ಕನ್ನಡಕ ತೆಗೆದರು. "ಮಾಸ್ತರ, ನೀವೂ ಸುವಾರ್ತಿ ಓದಾವ್ರು. ಕರದಾಗ ಬರದವರಿಗೆ ಆ ಯಜಮಾನ ಏನಂದ?"

ಅವನು ತಲೆ ತಗ್ಗಿಸಿದ.

"ಅವರು ನನ್ನ ಊಟದ ರುಚಿ ನೋಡೂದಿಲ್ಲ ಅಂದ. ನಮ್ಮ ಔತಣ ಮುಗದೈತ್ರಿ. ನೀವು ಹೋಗಿ ಬರ್ರಿ."

ಅವನು ಅಡುಗೆಮನೆಯ ಕಡೆ ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದ. ಅತ್ತೆ ಒಳಗಿನಿಂದ ನೀರಿನ ತಂಬಿಗೆ ಹಿಡಿದು ಬರುವಷ್ಟರಲ್ಲಿ ಮೋಟಾರ್ ಸೈಕಲಿನ ಸದ್ದು ಕಬ್ಬಿನ ಆಚೆ ಹೋಗಿತ್ತು. ತಂಬಿಗೆ ಹಿಡಿದೇ ಆಯಿಯ ಹತ್ತಿರ ಹೋಗಿ ನಿಂತಳು.

"ಅಪ್ಪಾರು ನನ್ನ ಒಂದ್ ಮಾತ ಕೇಳಬೇಕಾಗಿತ್ತ ಯವ್ವಾ."

"ಕೇಳಿದ್ರ ಏನಂತಿದ್ದಿ?"

"ಒಳಗ ಬರ್ರಿ ಅಂತಿದ್ದೆ."

ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಆದರೆ ಹೊರಗೆ ಕೂತಿದ್ದ ಮುತ್ಯಾಗೆ ಆ ಮಾತು ಯಾರೂ ಮುಟ್ಟಿಸಲಿಲ್ಲ. ಪ್ರಕಾಶ ಮಾಸ್ತರನಿಗೆ ಮುಂದಿನ ವರ್ಷ ಬೀಳಗಿಯ ಹುಡುಗಿಯೊಂದಿಗೆ ಮದುವೆಯಾಯಿತು. ಅತ್ತೆಗೆ ಆಗಲೇ ಇಲ್ಲ. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಥೆ ಹೇಳುತ್ತ, ತಂದೆತಾಯಿಯನ್ನು ನೋಡಿಕೊಳ್ಳುತ್ತ ಅದೇ ಮನೆಯಲ್ಲಿ ಉಳಿದಳು.

ಮುತ್ಯಾ ಹಾಸಿಗೆ ಹಿಡಿದಾಗ ನಾನು ಕಾಲೇಜಿನಲ್ಲಿದ್ದೆ. ರಜೆಗೆ ಬಂದಾಗ ಅವರಿಗೆ ಸುವಾರ್ತೆ ಓದಿ ಹೇಳುವುದು ನನ್ನ ಪಾಲಿಗೆ ಬಂತು. ಒಂದು ಮಧ್ಯಾಹ್ನ ಓದುತ್ತ ಓದುತ್ತ ಔತಣದ ಸಾಮ್ಯಕ್ಕೆ ಬಂದೆ. ಅವರು ಕೈಯೆತ್ತಿ ತಡೆದರು. ಪಕ್ಕದಲ್ಲಿ ಅತ್ತೆ ಗಂಜಿ ಕುಡಿಸಲು ಕೂತಿದ್ದಳು.

"ಕರುಣಾ, ಅವತ್ತ ಆ ಮಾಸ್ತರ ಬಂದಾಗ ನಾ…"

"ಗಂಜಿ ಆರಾಕತ್ತೈತ್ರೀ ಅಪ್ಪಾ. ಕುಡೀರಿ."

ಅವರು ಬಾಯಿ ತೆರೆದರು. ಅತ್ತೆ ಚಮಚ ಇಟ್ಟಳು. ಅವರ ಕಣ್ಣಿಂದ ಇಳಿದದ್ದನ್ನು ತನ್ನ ಸೆರಗಿನಿಂದಲೇ ಒರೆಸಿದಳು. ಆ ಮಾತು ಅಲ್ಲಿಗೇ ನಿಂತಿತು. ಮಳೆಗಾಲಕ್ಕೆ ಮುಂಚೆ ಮುತ್ಯಾ ತೀರಿಕೊಂಡರು.

ಈಗ ಆ ಹೊಲಗಳಲ್ಲಿ ಕಬ್ಬು ಕಡಿಯಲು ಯಂತ್ರ ಬರುತ್ತದೆ, ಗುಡಿಸಲುಗಳು ಕಡಿಮೆಯಾಗಿವೆ. ಅಂಗಳದ ಮದುವೆ ಊಟಗಳು ಹಾಲ್‌ಗೆ ಹೋಗಿವೆ. ಮನೆಯಲ್ಲಿ ನಡೆದದ್ದಕ್ಕೆಲ್ಲ ಕಥೆ ಹುಡುಕಿ ಪಾಠ ಕೇಳುವ ಹಿರಿಯರೂ ಇಲ್ಲ. ಅವರು ಇರಬೇಕಿತ್ತು ಎಂದು ಎಷ್ಟೋ ಸಲ ಅನಿಸುತ್ತದೆ. ಹಸಿದವರನ್ನು ಅಂಗಳಕ್ಕೆ ಕರೆದು ಕೂರಿಸಿದ ಆ ಮನಸ್ಸು ದೊಡ್ಡದೇ. ಅದನ್ನು ನಾನು ಅಲ್ಲಗಳೆಯಲಾರೆ. ಅದೇ ಮನಸ್ಸು ಅದೇ ಕಥೆಯನ್ನು ಹಿಡಿದು ಬಾಗಿಲು ಹಾಕಿದ್ದೂ ನಿಜ.

ಕರುಣಾ ಅತ್ತೆ ಹೋದ ವರ್ಷ ತೀರಿಕೊಂಡಳು. ಮುತ್ಯಾ ಹೇಳಿಕೊಟ್ಟ ಪಾಠಗಳೆಲ್ಲ ನನಗೆ ಇವತ್ತಿಗೂ ಬಾಯಿಪಾಠ. ಆದರೆ ಆ ಒಂದು ಕಥೆಯಲ್ಲಿ ಅವಳಿಗೆ ಕಂಡ ಪಾಠ ಯಾವುದೆಂದು ನಮ್ಮಲ್ಲಿ ಯಾರೂ, ಒಂದು ದಿನವೂ, ಅವಳನ್ನು ಕೇಳಲಿಲ್ಲ.